ಕೋಟೆಗೆ ಅರ್ಧ ಗಂಟೆ

ಶಾಲಾ ಪ್ರವಾಸದ ವೇಳಾಪಟ್ಟಿ ಕೈಗೆ ಬಂದಾಗ ನನ್ನ ಕಣ್ಣು ಮೊದಲು ಹುಡುಕುವುದು ಕೋಟೆಯ ಸಾಲನ್ನು. ಅದು ಎಲ್ಲೋ ಕೆಳಗಿರುತ್ತದೆ. ದೇವರ ದರ್ಶನಕ್ಕೆ ಎರಡು ಗಂಟೆ, ಬೀಚಿಗೆ ಒಂದೂವರೆ ಗಂಟೆ, ಊಟಕ್ಕೆ ಒಂದು ಗಂಟೆ, ಕೋಟೆಗೆ ಅರ್ಧ ಗಂಟೆ. ಆ ಅರ್ಧ ಗಂಟೆಯಾದರೂ ಪೂರ್ತಿ ಸಿಗುತ್ತದೆಯೇ? ದೇವಸ್ಥಾನದ ಸರದಿ ಉದ್ದವಾದರೆ, ಘಟ್ಟದ ತಿರುವಿನಲ್ಲಿ ಯಾರಿಗೋ ಹೊಟ್ಟೆ ತೊಳಸಿ ಬಸ್ಸು ನಿಂತರೆ, ಹೋಟೆಲಿನವರು ಇನ್ನೊಂದು ಸಲ ಅನ್ನಕ್ಕೆ ಇಟ್ಟು ಕಾಯಿಸಿದರೆ, ಕಳೆದ ಹೊತ್ತನ್ನೆಲ್ಲ ಕೋಟೆಯ ಲೆಕ್ಕದಲ್ಲೇ ಮುರಿಯುತ್ತಾರೆ. ಮಕ್ಕಳು ಹೆಬ್ಬಾಗಿಲು ದಾಟಿ, ಓಡಿ ಒಂದು ಬುರುಜು ಹತ್ತಿ, ಗಾಳಿಗೆ ಮುಖ ಒಡ್ಡುವಷ್ಟರಲ್ಲಿ ಕೆಳಗಿನಿಂದ ವಿಷಲ್ ಕೇಳುತ್ತದೆ. ‘ಬಸ್ ಹತ್ರೋ, ಬಸ್ ಹತ್ರೋ!’ ಗ್ರೂಪ್ ಫೋಟೊ ಒಂದು ತೆಗೆದರೆ ಕೋಟೆ ಮುಗಿಯಿತು. ಆ ವಿಷಲ್ ಕೇಳಿದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಸಾಗರ ಸೀಮೆಯ ಹೈಸ್ಕೂಲುಗಳಲ್ಲಿ ಸಮಾಜ ವಿಜ್ಞಾನ ಕಲಿಸುತ್ತಲೇ ಕೂದಲು ನೆರೆದವಳು ನಾನು. ಡಿಸೆಂಬರ್ ಹತ್ತಿರ ಬಂದರೆ ಪ್ರವಾಸದ ಗಡಿಬಿಡಿ. ಪಾಲಕರ ಒಪ್ಪಿಗೆ ಪತ್ರ, ಬಿಇಒ ಕಚೇರಿಯ ಅನುಮತಿ, ಔಷಧಿ ಡಬ್ಬಿ, ಲಿಂಬೆಹಣ್ಣು, ವಾಂತಿಗೆಂದು ಪ್ಲಾಸ್ಟಿಕ್ ಕೊಟ್ಟೆ. ಮಕ್ಕಳ ಚೀಲದಲ್ಲಿ ಚಕ್ಕುಲಿ, ಕೋಡುಬಳೆ, ಬಾಳೆಕಾಯಿ ಚಿಪ್ಸು. ತಾಳಗುಪ್ಪ ದಾಟುವ ಮೊದಲೇ ಅದರಲ್ಲಿ ಅರ್ಧ ಖಾಲಿ. ಮಾವಿನಗುಂಡಿ ಕಳೆದು ಗೇರುಸೊಪ್ಪೆಯ ಘಟ್ಟ ಇಳಿಯುವಾಗ ಅಂತ್ಯಾಕ್ಷರಿ ತಾನಾಗಿ ನಿಲ್ಲುತ್ತದೆ. ಮುಂದಿನ ಸೀಟಿಗೆ ಬಂದು ಕೂರುವವರ ಸಂಖ್ಯೆ ಹೆಚ್ಚುತ್ತದೆ. ಕಿಟಕಿಯಾಚೆ ಕಾಡು, ಕಾಡಿನ ನಡುವೆ ತೋಟ. ಜೋಗದಲ್ಲಿ ಧುಮುಕಿದ ಶರಾವತಿ ಇದೇ ದಿಕ್ಕಿನಲ್ಲಿ ಹರಿದು ಹೊನ್ನಾವರದಲ್ಲಿ ಕಡಲು ಸೇರುತ್ತಾಳೆ.

ಗೇರುಸೊಪ್ಪೆಯನ್ನು ನಾನು ಯಾವತ್ತೂ ಸುಮ್ಮನೆ ದಾಟಲು ಬಿಟ್ಟವಳಲ್ಲ. ‘ಇಲ್ಲಿ ಒಬ್ಬಳು ರಾಣಿ ಇದ್ದಳು’ ಎಂದು ಬಸ್ಸಿನಲ್ಲೇ ಎದ್ದು ನಿಂತು ಹೇಳುತ್ತಿದ್ದೆ. ಚೆನ್ನಭೈರಾದೇವಿ. 1552ರಿಂದ 1606ರವರೆಗೆ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಳಿದಳು ಎನ್ನುತ್ತಾರೆ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ಮಲೆನಾಡಿನ ಮಕ್ಕಳಿಗೆ ಮೆಣಸು ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿ ಮನೆಯ ಹಿತ್ತಲಲ್ಲೇ ಇದೆ. ಕೊಯ್ಲಿನ ಕಾಲದಲ್ಲಿ ಏಣಿ ಹಿಡಿದು ನಿಂತವರೇ ಎಲ್ಲರೂ. ಆ ಕಪ್ಪು ಕಾಳಿಗಾಗಿ ಅಷ್ಟು ದೂರದಿಂದ ಹಡಗು ಬರುತ್ತಿತ್ತು, ಜಗಳ ಆಗುತ್ತಿತ್ತು, ಕೋಟೆ ಏಳುತ್ತಿತ್ತು ಎಂದಾಗ ಅವರ ಮುಖದಲ್ಲಿ ಮೂಡುವ ಹೆಮ್ಮೆ ನೋಡಲು ಚೆಂದ.

ಅವಳು ಕಟ್ಟಿಸಿದಳೆಂದು ಹೇಳುವ ಮಿರ್ಜಾನ್ ಕೋಟೆ ಕುಮಟಾದಿಂದ ಉತ್ತರಕ್ಕೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ಅಘನಾಶಿನಿಯ ಬದಿಗಿದೆ. ಬಸ್ಸಿನಿಂದ ಇಳಿದ ಕೂಡಲೇ ಮಕ್ಕಳು ಕೇಳುವ ಪ್ರಶ್ನೆ ಒಂದೇ: ‘ಮೇಡಮ್, ಸಮುದ್ರ ಎಲ್ಲಿ?’ ಕಡಲ ಕೋಟೆ ಎಂದು ಕರೆತಂದರೆ ಕಡಲೇ ಕಾಣುವುದಿಲ್ಲ. ಆ ಪ್ರಶ್ನೆ ನನಗೆ ಬಹಳ ಇಷ್ಟ, ಏಕೆಂದರೆ ಅದನ್ನು ಹಿಡಿದರೆ ಕೋಟೆಯ ಗುಟ್ಟೆಲ್ಲ ಬಿಚ್ಚಿಕೊಳ್ಳುತ್ತದೆ. ಭರತದ ನೀರು ಹೊಳೆಯೊಳಗೆ ಏರುವಾಗ ಅದರ ಜೊತೆ ದೋಣಿಯೂ ಏರಿ ಬರುತ್ತದೆ. ಸರಕು ಬರುವುದು ಘಟ್ಟದ ಮೇಲಿನಿಂದ, ಕೊಳ್ಳುವವನು ಬರುವುದು ಕಡಲಿನಿಂದ, ಇಬ್ಬರೂ ಸೇರುವುದು ಹೊಳೆಯ ಬಾಗಿನಲ್ಲಿ. ಹಾಗಾಗಿ ಕಾವಲೂ ಅಲ್ಲೇ. ಇಲ್ಲಿಂದ ಮೆಣಸು, ಅಡಿಕೆ ಹಡಗೇರಿ ಸೂರತ್ತಿನವರೆಗೆ ಹೋಗುತ್ತಿತ್ತು ಎಂದು ಒಮ್ಮೆ ಹೇಳಿದೆ. ಅಡಿಕೆ ಬೆಳೆಗಾರರ ಮನೆಯ ಹುಡುಗನೊಬ್ಬ ಕೈ ಎತ್ತಿದ. ‘ಯಾವ ಅಡಿಕೆ ಮೇಡಮ್? ಚಾಲಿಯೋ, ಕೆಂಪಡಿಕೆಯೋ?’ ನಾನು ಬಾಯಿ ತೆರೆಯುವ ಮೊದಲೇ ಅವನ ಪಕ್ಕದವನು, ‘ಚಾಲಿಯೇ ಇರ್ತದೆ ಕಣೋ, ಹಡಗಲ್ಲಿ ಅಷ್ಟು ದಿನ ಬಾಳಿಕೆ ಬರಬೇಕಲ್ಲ’ ಎಂದ. ಇನ್ನೊಬ್ಬಳು, ‘ಬೇಯಿಸಿದ್ರೆ ಕೆಂಪಡಿಕೆನೂ ಬಾಳ್ತದೆ’ ಎಂದಳು. ಹೆಬ್ಬಾಗಿಲಿನ ಅಗಲವಾದ ಮೆಟ್ಟಿಲ ಮೇಲೆ ನಿಂತು ಅವರು ಮೂವರೂ ಸೂರತ್ತಿನ ವ್ಯಾಪಾರಿಗಳಾಗಿ ವಾದ ಮಾಡಿದರು. ಪಠ್ಯಪುಸ್ತಕದ ಯಾವ ಪಾಠದಲ್ಲೂ ಅವರು ಹಾಗೆ ಮಾತಾಡಿದ್ದು ನಾನು ಕೇಳಿರಲಿಲ್ಲ.

ಮಿರ್ಜಾನಿನ ಒಳಗೆ ಹೋದರೆ ಮಕ್ಕಳನ್ನು ಹಿಡಿದಿಡುವುದು ಬಾವಿಗಳು. ಕೆಂಪು ಕಲ್ಲಿನ ದೊಡ್ಡ ದೊಡ್ಡ ಬಾವಿಗಳು. ನೀರಿನ ಬಳಿಗೆ ಇಳಿಯಲು ಕಲ್ಲೊಳಗೇ ಮೆಟ್ಟಿಲ ದಾರಿ. ಬಗ್ಗಿ ನೋಡುವುದು, ಹೆಸರು ಕೂಗುವುದು, ಹೆಸರು ಮರಳಿ ಬಂದಾಗ ನಗುವುದು. ಸುತ್ತ ಕಂದಕ, ಎತ್ತರದ ಗೋಡೆ, ಗೋಡೆಯ ಮೇಲೆ ನಡೆಯುವ ಹಾದಿ. ಪುರಾತತ್ವ ಇಲಾಖೆಯವರು ಇಲ್ಲಿ ಅಗೆದಾಗ ಪೋರ್ಚುಗೀಸರ ಚಿನ್ನದ ನಾಣ್ಯ, ಫಿರಂಗಿ ಗುಂಡು, ಚೀನಾದ ಪಿಂಗಾಣಿಯ ಚೂರು ಸಿಕ್ಕಿದ್ದವು. ಅದನ್ನು ಹೇಳಿದ್ದೇ ತಡ, ಅರ್ಧ ತರಗತಿ ಹುಲ್ಲಿನಲ್ಲಿ ಕಣ್ಣು ನೆಟ್ಟು ನಡೆಯತೊಡಗುತ್ತದೆ. ‘ಸಿಕ್ಕರೂ ಮುಟ್ಟಬಾರದು, ನನ್ನನ್ನು ಕರೀಬೇಕು’ ಎಂದು ಮೊದಲೇ ಹೇಳಿಟ್ಟಿರುತ್ತೇನೆ. ಚೀನಾದಲ್ಲಿ ಮಾಡಿದ ಬಟ್ಟಲು ಕುಮಟಾದ ಮಣ್ಣಿಗೆ ಹೇಗೆ ಬಂತು, ಅದರಲ್ಲಿ ಯಾರು ಏನು ಉಂಡರು ಎಂದು ಊಹಿಸುತ್ತ ಹುಡುಗಿಯರು ತಲೆ ಬಗ್ಗಿಸಿ ನಡೆಯುವುದನ್ನು ನಾನು ಬುರುಜಿನ ಮೇಲೆ ಕೂತು ನೋಡುತ್ತಿದ್ದೆ.

ಈ ಕರಾವಳಿಯ ಕೋಟೆಗಳಲ್ಲಿ ಹೆಚ್ಚಿನವಕ್ಕೆ ಕಲ್ಲು ಒಂದೇ. ನಮ್ಮ ಕಡೆ ಜಂಬಿಟ್ಟಿಗೆ ಎನ್ನುತ್ತೇವೆ. ಘಟ್ಟದ ಕೆಳಗೆ ಚಿರೆಕಲ್ಲು ಅನ್ನುವವರೂ ಇದ್ದಾರೆ, ಮುರಕಲ್ಲು ಅನ್ನುವವರೂ ಇದ್ದಾರೆ. ನೆಲದೊಳಗೆ ಇರುವಾಗ ಮೆತ್ತಗೆ, ಕೊಡಲಿಯಂಥ ಹತಾರದಿಂದಲೇ ಕಡಿಯಬಹುದು. ಮೇಲೆ ತಂದು ಗಾಳಿ ಬಿಸಿಲಿಗೆ ಇಟ್ಟರೆ ಗಟ್ಟಿಯಾಗುತ್ತ ಹೋಗುತ್ತದೆ. ನಮ್ಮ ಶಾಲೆಯ ಕಾಂಪೌಂಡು ಅದರದೇ, ಮಕ್ಕಳ ಮನೆಯ ಪಂಚಾಂಗ ಅದರದೇ, ಬಾವಿಯ ಕಟ್ಟೆ ಅದರದೇ. ‘ಇದು ನಮ್ಮನೆ ಕಲ್ಲು!’ ಎಂದು ಒಬ್ಬ ಹುಡುಗ ಕೋಟೆಯ ಗೋಡೆಗೆ ಅಂಗೈ ಒತ್ತಿ ಕೂಗಿದ್ದು ನೆನಪಿದೆ. ಮನೆ ಕಟ್ಟುವ ಅಪ್ಪನ ಜೊತೆ ರಜೆಯಲ್ಲಿ ಕಲ್ಲು ಹೊತ್ತಿದ್ದವನು ಅವನು. ಒಂದು ಕಲ್ಲನ್ನು ಇಬ್ಬರು ಹಿಡಿಯಬೇಕೋ ಒಬ್ಬನೇ ಸಾಕೋ, ಒಂದು ವರಸೆಗೆ ಎಷ್ಟು ಕಲ್ಲು, ಮೂಲೆಯಲ್ಲಿ ಜೋಡಣೆ ಹೇಗೆ ಎಂದು ಅವತ್ತು ಪಾಠ ಮಾಡಿದ್ದು ಅವನೇ. ಸುತ್ತ ನಿಂತವರಲ್ಲಿ ನಾನೂ ಒಬ್ಬಳು.

ಮಕ್ಕಳನ್ನು ಹೀಗೆ ಬಿಟ್ಟುಬಿಡಬೇಕೆಂದು ನನಗೆ ಕಲಿಸಿದವರು ನಮ್ಮ ಹಿಂದಿ ಮೇಷ್ಟ್ರು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅವರು ನಮ್ಮನ್ನು ಮಂಗಳೂರಿಗೆ ಕರೆದುಕೊಂಡು ಹೋಗಿದ್ದರು. ಬೋಳೂರಿನ ಸುಲ್ತಾನ್ ಬತ್ತೇರಿ ಬಹಳ ಸಣ್ಣದು. ಕರಿಕಲ್ಲಿನಲ್ಲಿ ಕಟ್ಟಿದ ಒಂದು ಕಾವಲು ಬುರುಜು ಅಷ್ಟೆ. ಗುರುಪುರ ಹೊಳೆಯೊಳಕ್ಕೆ ಯುದ್ಧದ ಹಡಗು ನುಗ್ಗದಂತೆ ಟಿಪ್ಪು 1784ರಲ್ಲಿ ಕಟ್ಟಿಸಿದ್ದು. ಅದೇ ವರ್ಷ ಮಾರ್ಚಿನಲ್ಲಿ ಅವನಿಗೂ ಇಂಗ್ಲಿಷರಿಗೂ ಮಂಗಳೂರು ಒಪ್ಪಂದ ಆಗಿತ್ತು. ಕೆಳಗೆ ಮದ್ದು ಇಡುವ ನೆಲಮನೆ. ಹಿಂದಿ ಮೇಷ್ಟ್ರಿಗೆ ಇದನ್ನೆಲ್ಲ ವಿವರಿಸುವ ಜವಾಬ್ದಾರಿ ಇರಲಿಲ್ಲ. ಅವರು ಬತ್ತೇರಿಯ ನೆರಳಿನಲ್ಲಿ ಕೂತು ಕಳ್ಳೆಕಾಯಿ ಪೊಟ್ಟಣ ಬಿಚ್ಚಿ, ‘ಹೋಗಿ, ಒಬ್ಬೊಬ್ಬರೂ ಒಂದೊಂದು ಪ್ರಶ್ನೆ ತನ್ನಿ. ಉತ್ತರ ಬೇಡ, ಪ್ರಶ್ನೆ ಸಾಕು’ ಎಂದರು. ನಾವು ಮೆಟ್ಟಿಲು ಹತ್ತಿದೆವು, ಕಿಂಡಿಯಲ್ಲಿ ಕಣ್ಣಿಟ್ಟೆವು, ಹೊಳೆಯಾಚೆಯ ತಣ್ಣೀರುಬಾವಿಗೆ ಹೋಗುವ ದೋಣಿ ನೋಡಿದೆವು. ನಾನು ತಂದ ಪ್ರಶ್ನೆ: ಇಷ್ಟು ಸಣ್ಣ ಕೋಟೆಯಲ್ಲಿ ರಾತ್ರಿ ಎಷ್ಟು ಜನ ಮಲಗುತ್ತಿದ್ದರು? ಮೇಷ್ಟ್ರು ಕಳ್ಳೆಕಾಯಿ ಸುಲಿಯುತ್ತ, ‘ಕಾವಲಿನವನು ಮಲಗಬಹುದಾ?’ ಎಂದು ಮರುಪ್ರಶ್ನೆ ಹಾಕಿದರು. ಊರಿಗೆ ಮರಳುವ ದಾರಿಯುದ್ದಕ್ಕೂ ನನಗೆ ಅದೇ ಯೋಚನೆ. ನಾನು ಇತಿಹಾಸ ಓದಿದ್ದಕ್ಕೆ ಕಾರಣ ಕೇಳಿದರೆ ಆ ಮರುಪ್ರಶ್ನೆಯನ್ನೇ ಹೇಳುತ್ತೇನೆ.

ಶಿಕ್ಷಕಿಯಾದ ಮೇಲೆ ನಾನೂ ಅದೇ ದಾರಿ ಹಿಡಿದೆ. ಮಕ್ಕಳು ತಂದ ಪ್ರಶ್ನೆಗಳನ್ನು ಬಹುಕಾಲ ಒಂದು ಪುಸ್ತಕದಲ್ಲಿ ಬರೆದಿಟ್ಟೆ. ರಾಜ ಯಾರು, ಯುದ್ಧ ಯಾವ ಇಸವಿ ಎಂದು ಅವರು ಕೇಳುವುದಿಲ್ಲ. ಅಡುಗೆ ಮನೆ ಎಲ್ಲಿ? ಹೆಂಗಸರು ಒಳಗಿದ್ದರೋ ಊರಲ್ಲಿದ್ದರೋ? ಹಸು ಕಟ್ಟುತ್ತಿದ್ದರೋ? ಫಿರಂಗಿಯ ಸದ್ದಿಗೆ ಕಿವಿ ಕೆಪ್ಪಾಗುತ್ತಿತ್ತೋ? ಪಾಯಿಖಾನೆಗೆ ಎಲ್ಲಿ ಹೋಗುತ್ತಿದ್ದರು? ಈ ಕೊನೆಯ ಪ್ರಶ್ನೆಗೆ ಎಲ್ಲರೂ ನಗುತ್ತಾರೆ. ಆದರೆ ನೂರಾರು ಜನ ತಿಂಗಳುಗಟ್ಟಲೆ ಗೋಡೆಯೊಳಗೆ ಬದುಕಬೇಕಾದರೆ ಅದಕ್ಕಿಂತ ದೊಡ್ಡ ಪ್ರಶ್ನೆ ಯಾವುದಿದೆ? ಕೋಟೆಯೊಳಗೆ ಬಾವಿ ಎಲ್ಲಿ ತೋಡಬೇಕು ಎನ್ನುವುದೂ ಅದಕ್ಕೇ ಕಟ್ಟುಬಿದ್ದದ್ದು.

ಒಮ್ಮೆ ಮಳೆಯ ಮಾತು ಬಂತು. ಮುಂಗಾರು ಅಬ್ಬರಿಸುವ ಜೂನ್, ಜುಲೈ ತಿಂಗಳಲ್ಲಿ ಹಾಯಿಹಡಗುಗಳು ಈ ಕರಾವಳಿಗೆ ಬರುವಂತಿರಲಿಲ್ಲ, ಬಂದರುಗಳೇ ಮುಚ್ಚಿರುತ್ತಿದ್ದವು ಎಂದೆ. ‘ಹಾಗಾದ್ರೆ ಸಿಪಾಯಿಗಳಿಗೂ ಮಳೆ ರಜೆ!’ ಎಂದು ಹಿಂದಿನ ಸೀಟಿನಿಂದ ಒಬ್ಬ ಕೂಗಿದ. ಮಲೆನಾಡಿನ ಮಕ್ಕಳಿಗೆ ಮಳೆ ರಜೆಗಿಂತ ಪ್ರಿಯವಾದದ್ದು ಬೇರೊಂದಿಲ್ಲ. ಡಿಸಿಯವರ ಆದೇಶ ಬಂತಾ ಎಂದು ಬೆಳಿಗ್ಗೆ ಏಳುತ್ತಲೇ ಕೇಳುವವರು ಅವರು. ಆದರೆ ಮುಂದಿನ ಸೀಟಿನ ಹುಡುಗಿ ಒಪ್ಪಲಿಲ್ಲ. ‘ರಜೆ ಎಲ್ಲಿ? ಮದ್ದು ಒದ್ದೆ ಆಗದ ಹಾಗೆ ನೋಡ್ಕೋಬೇಕಲ್ಲ. ನಮ್ಮನೇಲಿ ಅಡಿಕೆಗೆ ಬೂಸ್ಟು ಬರಬಾರ್ದು ಅಂತ ಅಮ್ಮ ಮಳೆಗಾಲ ಪೂರ್ತಿ ಅಟ್ಟ ಹತ್ತಿ ಇಳೀತಾಳೆ.’ ಅವಳ ಆ ಮಾತಿನಿಂದ ಮದ್ದಿನ ಮನೆಗೆ ಗೋಡೆ ಯಾಕೆ ಅಷ್ಟು ದಪ್ಪ ಎನ್ನುವುದು ಇಡೀ ಬಸ್ಸಿಗೆ ಅರ್ಥವಾಯಿತು.

ಅದು ಬೇಕಲಕ್ಕೆ ಹೋಗುವಾಗಿನ ಮಾತು. ಸಾಗರದವರಿಗೆ ಬೇಕಲ ಕೋಟೆ ಪರರಾಜ್ಯದ್ದಲ್ಲ ಎಂದು ನಾನು ಹಟ ಹಿಡಿದು ಆ ಪ್ರವಾಸ ಮಾಡಿಸಿದ್ದೆ. ಹೊಸನಗರ, ನಗರ, ಹುಲಿಕಲ್ ಘಟ್ಟ, ಕುಂದಾಪುರ, ಮಂಗಳೂರು, ಕಾಸರಗೋಡು. ದಾರಿಯಲ್ಲೇ ನಗರದ ಕೋಟೆ ಸಿಗುತ್ತದೆ. ಬಿದನೂರು ಎಂದರೆ ಇದೇ. ಕೆಳದಿಯಲ್ಲಿ ಹುಟ್ಟಿ ಇಕ್ಕೇರಿಯಲ್ಲಿ ಬೆಳೆದ ನಾಯಕರ ಮನೆತನ ಕೊನೆಗೆ ರಾಜಧಾನಿ ಮಾಡಿಕೊಂಡ ಊರು. 1763ರಲ್ಲಿ ಹೈದರಾಲಿ ಹಿಡಿದದ್ದೂ ಇದನ್ನೇ. ಇಲ್ಲಿಂದ ಆಳಿದ ಶಿವಪ್ಪ ನಾಯಕನ ಹೆಸರು ನಮ್ಮ ಕಡೆ ಗದ್ದೆ, ತೋಟ ಇರುವವರೆಲ್ಲರಿಗೂ ಗೊತ್ತು. ಅವನು ಭೂಮಿ ಅಳೆಸಿ, ಮಣ್ಣಿನ ಗುಣ ನೋಡಿ ಕಂದಾಯ ಗೊತ್ತುಮಾಡಿದ್ದಕ್ಕೆ ಶಿಸ್ತು ಎನ್ನುತ್ತಾರೆ. 1645ರಿಂದ 1660ರವರೆಗೆ ಆಳಿದ ಅವನು ಪೋರ್ಚುಗೀಸರನ್ನು ಹೊನ್ನಾವರ, ಕುಂದಾಪುರ, ಮಂಗಳೂರುಗಳಿಂದ ಕದಲಿಸಿದ. ದಕ್ಷಿಣದ ಕೊನೆಗೆ, 1650ರ ಸುಮಾರಿಗೆ, ಬೇಕಲದಲ್ಲಿ ಕೋಟೆ ಎಬ್ಬಿಸಿದ. ಬೆಳಿಗ್ಗೆ ಅವನ ಮನೆಬಾಗಿಲು ನೋಡಿ ಹೊರಟ ಮಕ್ಕಳು ಮರುದಿನ ಅವನ ರಾಜ್ಯದ ಅಂಚಿನ ಬೇಲಿಯನ್ನು ನೋಡಿದರು. ರಾಜ್ಯ ಎಂದರೆ ಎಷ್ಟು ದೊಡ್ಡದು ಎಂಬುದನ್ನು ಬಸ್ಸಿನಲ್ಲಿ ಕೂತ ಬೆನ್ನು ಕಲಿಸಿದಷ್ಟು ನಕಾಶೆ ಕಲಿಸಲಾರದು.

ಬೇಕಲದಲ್ಲಿ ಕಡಲು ಹುಡುಕಬೇಕಿಲ್ಲ. ನಲವತ್ತು ಎಕರೆಯ ಹತ್ತಿರ ಹರಡಿರುವ ಕೋಟೆ ಬಂಡೆಯ ಮೇಲಿನಿಂದ ಕಡಲಿನೊಳಕ್ಕೆ ಚಾಚಿಕೊಂಡಿದೆ. ಬಾಗಿಲ ಬಳಿ ಮುಖ್ಯಪ್ರಾಣನ ಗುಡಿ. ಒಳಗೆ ಎತ್ತರದ ವೀಕ್ಷಣಾ ಬುರುಜು. ಅದನ್ನೇರಲು ಮೆಟ್ಟಿಲಲ್ಲ, ಅಗಲವಾದ ಇಳಿಜಾರು. ಫಿರಂಗಿ ಎಳೆದೊಯ್ಯಲು ಇರಬೇಕು ಎಂದು ಹುಡುಗರು ತಾವೇ ತೀರ್ಮಾನಿಸಿ, ಒಬ್ಬನನ್ನು ಫಿರಂಗಿ ಮಾಡಿ ಎಳೆದುಕೊಂಡೇ ಹತ್ತಿದರು. ಅರಮನೆ ಎಲ್ಲಿ ಎಂದು ಹುಡುಕಿ ಸುಸ್ತಾದರು. ನಿಂತಿರುವ ಅರಮನೆ ಅಲ್ಲಿಲ್ಲ, ಅದು ಕಾವಲಿಗೆಂದೇ ಕಟ್ಟಿದ ಜಾಗ.

ಕಡಲ ಕಡೆಯ ಗೋಡೆಯಲ್ಲಿ ಸಾಲು ಸಾಲು ಕಿಂಡಿಗಳಿವೆ. ಅವುಗಳ ಬಗ್ಗೆ ಹೇಳಬೇಕೆಂದು ನಾನು ಓದಿಕೊಂಡು ಹೋಗಿದ್ದೆ. ಹೇಳಲು ಅವಕಾಶವೇ ಸಿಗಲಿಲ್ಲ. ತರಗತಿಯಲ್ಲಿ ಹಾಜರಿ ಕೂಗಿದಾಗ ಬಿಟ್ಟರೆ ಬೇರೆ ಹೊತ್ತು ದನಿಯೇ ಕೇಳಿಸದ ಒಬ್ಬ ಹುಡುಗಿ ಒಂದೊಂದೇ ಕಿಂಡಿಗೆ ಕಣ್ಣಿಟ್ಟು ನೋಡುತ್ತ ಹೋಗುತ್ತಿದ್ದಳು. ಮೇಲಿನದಕ್ಕೆ ತುದಿಗಾಲಲ್ಲಿ ನಿಂತು, ನಡುವಿನದಕ್ಕೆ ಬಗ್ಗಿ, ಕೆಳಗಿನದಕ್ಕೆ ನೆಲದ ಮೇಲೆ ಹೊಟ್ಟೆ ಹಾಕಿ ಮಲಗಿ. ಆಮೇಲೆ ಗೆಳತಿಯರನ್ನು ಕರೆದು, ‘ಮೇಲಿನದ್ರಲ್ಲಿ ದೂರದ ನೀರು ಮಾತ್ರ ಕಾಣ್ತದೆ. ಇದ್ರಲ್ಲಿ ಹತ್ತಿರದ ನೀರು. ಕೆಳಗಿನದ್ರಲ್ಲಿ ಗೋಡೆಯ ಬುಡ ಕಾಣ್ತದೆ ನೋಡ್ರೇ’ ಎಂದಳು. ಸುಮ್ಮನೆ ಹೇಳಿದರೆ ನಂಬುತ್ತಾರೆಯೇ? ಪಿ.ಟಿ. ಮೇಷ್ಟ್ರನ್ನೇ ಕರೆದು ಗೋಡೆಯ ಹೊರಗೆ ಕಳಿಸಿದರು. ಅವರು ದೂರದಲ್ಲಿದ್ದಾಗ ಮೇಲಿನ ಕಿಂಡಿಯವಳು ‘ಕಂಡ್ರು!’ ಎಂದಳು, ಹತ್ತಿರ ಬಂದ ಹಾಗೆ ನಡುವಿನವಳು, ಗೋಡೆಗೆ ಅಂಟಿಕೊಂಡಾಗ ನೆಲದಲ್ಲಿ ಮಲಗಿದ್ದ ಆ ಹುಡುಗಿ. ಹಡಗು ದೂರ ಇರುವಾಗಿನಿಂದ ಹಿಡಿದು ಶತ್ರು ಗೋಡೆಯ ಬುಡಕ್ಕೆ ಬರುವವರೆಗೆ ಗುರಿ ತಪ್ಪದಂತೆ ಕೊರೆದ ಓರೆ ಅದು. ನಾನು ಓದಿಕೊಂಡಿದ್ದನ್ನು ಅವಳು ಕಣ್ಣಿಂದಲೇ ಕಂಡುಕೊಂಡಿದ್ದಳು. ಮೈ ತುಂಬ ಮಣ್ಣು ಮೆತ್ತಿಕೊಂಡು ಎದ್ದು ನಿಂತವಳನ್ನು ನಾನು ಅಪ್ಪಿಕೊಂಡೆ. ಇದಕ್ಕೆಲ್ಲ ಹಿಡಿದ ಹೊತ್ತು ಒಂದು ಗಂಟೆಗೂ ಮೇಲೆ. ಪುಣ್ಯಕ್ಕೆ ವಿಷಲ್ ಊದಬೇಕಾದವರು ಗೋಡೆಯ ಹೊರಗೆ ಶತ್ರುವಾಗಿ ನಿಂತಿದ್ದರು.

ಅವತ್ತೇ ಅಲ್ಲಿಗೆ ಕುಂಬಳೆಯ ಕಡೆಯ ಕನ್ನಡ ಶಾಲೆಯ ಮಕ್ಕಳೂ ಬಂದಿದ್ದರು. ಸುತ್ತ ಬೋರ್ಡುಗಳೆಲ್ಲ ಮಲಯಾಳದಲ್ಲಿರುವಾಗ ಕನ್ನಡ ಕೇಳಿ ನಮ್ಮ ಮಕ್ಕಳಿಗೆ ಆಶ್ಚರ್ಯ. 1956ರಲ್ಲಿ ರಾಜ್ಯಗಳು ಹೊಸದಾಗಿ ವಿಂಗಡಣೆಯಾದಾಗ ಕಾಸರಗೋಡು ಕೇರಳಕ್ಕೆ ಸೇರಿದ್ದನ್ನು ನಾನು ವರ್ಷ ವರ್ಷವೂ ಪಾಠ ಮಾಡಿದ್ದೆ. ಆದರೆ ಅದು ಅವರಿಗೆ ಮುಟ್ಟಿದ್ದು ಅವತ್ತು, ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಮಾತಾಡುವ ತಮ್ಮ ವಯಸ್ಸಿನ ಹುಡುಗನೊಬ್ಬ ಎದುರು ನಿಂತಾಗ. ‘ಈ ಕೋಟೆ ಕಟ್ಟಿದ್ದು ನಮ್ಮೂರಿನವ್ರು’ ಎಂದ ನಮ್ಮ ಹುಡುಗ. ‘ಕಟ್ಟಿದ್ದು ಆಗಿರಬಹುದು. ಈಗ ಉಂಟಲ್ಲ, ಅದು ನಮ್ಮಲ್ಲಿ ಉಂಟು’ ಎಂದ ಆ ಹುಡುಗ. ಇವನು ಶಿವಪ್ಪ ನಾಯಕ ಎಂದರೆ ಅವನು, ಕಲ್ಲು ಕಡಿದವರು, ಹೊತ್ತವರು ಇಲ್ಲಿಯವರೇ ಅಲ್ಲವೇ ಎಂದು ಕೇಳಿದ. ಅದಕ್ಕೆ ನಮ್ಮವರಲ್ಲಿ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಎರಡೂ ಶಾಲೆಯವರು ಸೇರಿ ಚಕ್ಕುಲಿ, ಹಲಸಿನ ಹಪ್ಪಳ ಹಂಚಿಕೊಂಡರು. ಆ ಪ್ರಶ್ನೆ ನನ್ನ ಪುಸ್ತಕದಲ್ಲಿದೆ, ಬೇರೆ ಶಾಲೆಯ ಮಗು ಕೇಳಿದ್ದು ಎಂಬ ಟಿಪ್ಪಣಿಯ ಜೊತೆ.

ಶಿಕ್ಷಕರು ಕೋಟೆಗೆ ಸಮಯ ಕೊಡದಿರುವುದು ಅಸಡ್ಡೆಯಿಂದಲ್ಲ ಎಂದು ನನಗೆ ಗೊತ್ತು. ಪರರ ಮಕ್ಕಳನ್ನು ಕರೆದೊಯ್ದವರಿಗೆ ರಾತ್ರಿ ನಿದ್ದೆ ಇರುವುದಿಲ್ಲ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಲ್ಲಿ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಹೋದ ಸುದ್ದಿ ಓದಿದ ದಿನ ನಾನು ಊಟ ಮಾಡಲಿಲ್ಲ. ಅಂಥ ಭಯ ಇರುವವರಿಗೆ ಎಲ್ಲವನ್ನೂ ಬೇಗ ಮುಗಿಸಿ ಊರು ಸೇರುವ ಆತುರ ಸಹಜ. ಆದರೂ ನನ್ನ ಮನಸ್ಸು ಹೇಳುವುದು ಇಷ್ಟು: ಘಟ್ಟದ ಮೇಲಿನ ಮಗುವಿಗೆ ಕಡಲನ್ನು ಮೊದಲ ಸಲ ತೋರಿಸುವುದಾದರೆ ಅಲೆಯ ಅಂಚಿನಲ್ಲಿ ನಿಲ್ಲಿಸಿ ತೋರಿಸುವ ಬದಲು ಕೋಟೆಯ ಗೋಡೆಯ ಹಿಂದೆ ನಿಲ್ಲಿಸಿ ತೋರಿಸಬಹುದು. ಅಂಚಿನ ಗೋಡೆ ಎಲ್ಲಿ ಗಿಡ್ಡ, ಎಲ್ಲಿ ಕಲ್ಲು ಸಡಿಲ ಎಂದು ಮೊದಲೇ ಒಬ್ಬರು ನೋಡಿ ಬಂದು, ಅಲ್ಲಿ ಒಬ್ಬೊಬ್ಬ ಶಿಕ್ಷಕರು ನಿಂತರೆ ಉಳಿದ ಜಾಗವೆಲ್ಲ ಮಕ್ಕಳದು. ಊಟ ಹೊರಗೇ ಮುಗಿಸಿ, ಬಿಸಿಲು ಇಳಿಯುವ ಹೊತ್ತಿಗೆ ಒಳಗೆ ಬಿಟ್ಟು, ಮುಚ್ಚುವ ಹೊತ್ತಿನವರೆಗೂ ಇರಲಿ. ಆ ದಿನದ ಪಟ್ಟಿಯಿಂದ ಒಂದು ಜಾಗ ಕೈಬಿಟ್ಟರೂ ಅಡ್ಡಿಯಿಲ್ಲ.

ಬೇಕಲದಿಂದ ಮರಳುವಾಗ ಸಿದ್ದಾಪುರ ದಾಟಿ ಹುಲಿಕಲ್ ಘಟ್ಟ ಹತ್ತುವ ಹೊತ್ತಿಗೆ ಕತ್ತಲಾಗಿತ್ತು. ಮಕ್ಕಳು ಮಲಗಿದ್ದಾರೆಂದು ನಾನು ಎಣಿಸಿದ್ದೆ. ಹಿಂದಿನ ಸೀಟುಗಳಲ್ಲಿ ದೊಡ್ಡ ಲೆಕ್ಕ ನಡೆಯುತ್ತಿತ್ತು. ಬಿದನೂರಿನಿಂದ ಬಸರೂರಿನ ಬಂದರಿಗೆ ಎತ್ತಿನ ಬೆನ್ನ ಮೇಲೆ ಮೆಣಸು ಹೇರಿದರೆ ಎಷ್ಟು ದಿನ? ಒಬ್ಬ ಮೂರು ದಿನ ಎಂದ. ‘ಇಳಿಯೋಕೆ ಮೂರು, ಹತ್ತೋಕೆ ಐದು’ ಎಂದು ಇನ್ನೊಬ್ಬ ತಿದ್ದಿದ. ‘ಬರುವಾಗ ಬೆನ್ನ ಮೇಲೆ ಏನಿರ್ತದೆ? ಖಾಲಿ ಬಂದ್ರೆ ಬೇಗ ಬರ್ತದೆ’ ಎಂದಳು ಅಡಿಕೆ ಅಟ್ಟದ ಹುಡುಗಿ. ‘ಖಾಲಿ ಯಾಕೆ ಬರ್ತದೆ, ಉಪ್ಪು ತರ್ತದೆ, ಒಣಮೀನು ತರ್ತದೆ’ ಎಂದು ಉತ್ತರ ಬಂದದ್ದು ಮಕ್ಕಳಿಂದಲ್ಲ, ಡ್ರೈವರಿನಿಂದ. ಅವರು ಇಡೀ ದಾರಿ ಕೇಳಿಸಿಕೊಳ್ಳುತ್ತಿದ್ದರು. ಗೇರು ಬದಲಿಸಿ ತಿರುವು ಏರಿಸಿದ ಮೇಲೆ ಕನ್ನಡಿಯಲ್ಲಿ ನನ್ನತ್ತ ನೋಡಿ ಕೇಳಿದರು: ‘ಮೇಡಮ್, ನಾಯಕರ ಕಾಲದಲ್ಲಿ ಎತ್ತು ಇಳೀತಿದ್ದದ್ದು ಇದೇ ತಿರುವಲ್ಲಾ, ಇಲ್ಲಾ ಆ ಹಳ್ಳದ ಬದಿಯಲ್ಲಾ? ಹಳ್ಳದ ಬದಿ ಆದ್ರೆ ನೀರಾದ್ರೂ ಸಿಗ್ತಿತ್ತು.’ ಮಕ್ಕಳೆಲ್ಲ ಎದ್ದು ಎಡಗಡೆಯ ಕಿಟಕಿಗೆ ಮುಗಿಬಿದ್ದರು.